ಬೆಳಗಿನ ಮೊದಲ ಬ್ರೇಕಿಗೇ ಹಿಡಿಯುವ ಪ್ಯಾಡ್ ಯಾವುದು?

ಪ್ರಶ್ನೆ: ಮಂಡ್ಯದಿಂದ ಮೈಸೂರಿಗೆ ದಿನಾ ಕಾರಿನಲ್ಲಿ ಕೆಲಸಕ್ಕೆ ಹೋಗಿಬರುತ್ತೇನೆ. 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 72 ಸಾವಿರ ಕಿಲೋಮೀಟರ್ ಓಡಿದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇದೆ. ಎಂಬತ್ತರಲ್ಲಿ ಹೋಗುವಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಅದುರುತ್ತದೆ. ಮುಂದಿನ ಪ್ಯಾಡ್ ಮುಗಿದಿದೆ ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಹೇಗೂ ಬಿಚ್ಚುತ್ತೀಯಲ್ಲ, ತೂತಿರುವ ಡಿಸ್ಕ್, ರೇಸಿಂಗ್ ಪ್ಯಾಡ್ ಹಾಕಿಸು, ಹಿಂದಕ್ಕೂ ಡಿಸ್ಕ್ ಮಾಡಿಸು ಎಂದು ಸ್ನೇಹಿತರ ಒತ್ತಾಯ. ತಿಂಗಳಿಗೊಮ್ಮೆ ಮನೆಮಂದಿ ಐವರೂ ಮಾದಪ್ಪನ ಬೆಟ್ಟಕ್ಕೆ ಹೋಗುತ್ತೇವೆ. ಯಾವ ಬ್ರೇಕ್ ಸೂಕ್ತ?

ಉತ್ತರ: ತಿರುಗುವ ಡಿಸ್ಕನ್ನು ಎರಡು ಕಡೆಯಿಂದ ಒತ್ತಿ ಹಿಡಿಯುವುದೇ ಪ್ಯಾಡ್; ಮುಂದಿನ ಎರಡೂ ಚಕ್ರಕ್ಕೆ ಕಾರು ತಯಾರಕರ ದರ್ಜೆಯದನ್ನು ಹಾಕಿಸಿ. ಡಿಸ್ಕ್ ಅಳೆಸಿ ನೋಡಿ; ದಪ್ಪ ಉಳಿದಿದ್ದರೆ ಅದನ್ನೇ ಸರಿಮಾಡಿಸಬಹುದು, ಇಲ್ಲದಿದ್ದರೆ ತೂತು, ಗೀರು ಇಲ್ಲದ ಸಾದಾ ಡಿಸ್ಕ್ ಜೋಡಿ ಕೊಳ್ಳಿ. ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ಹಿಂದಿನ ಡ್ರಮ್ ಹಾಗೇ ಇರಲಿ, ಬಿಚ್ಚಿ ಶುಚಿಮಾಡಿ ಹೊಂದಿಸಿದರೆ ಸಾಕು. ಉಳಿಯುವ ದುಡ್ಡನ್ನು ಟೈರಿಗೆ ಹಾಕಿ. ಕಾರು ಬೇಗ ನಿಲ್ಲಬೇಕೆಂಬುದೇ ನಿಮ್ಮ ಆಸೆಯಾದರೆ ಆ ಹಣ ಹೋಗಬೇಕಾದ ಜಾಗ ಅದು.

ರೇಸಿಂಗ್ ಪ್ಯಾಡ್ ಬೇಡ ಎನ್ನುವುದಕ್ಕೆ ಕಾರಣ ಬಿಸಿ. ಯಾವ ಪ್ಯಾಡ್ ಎಷ್ಟು ಹಿಡಿಯುತ್ತದೆ ಎಂಬುದು ಆ ಹೊತ್ತಿಗೆ ಅದು ಎಷ್ಟು ಬಿಸಿಯಾಗಿದೆ ಎಂಬುದನ್ನು ನೆಚ್ಚಿಕೊಂಡಿದೆ. ರೇಸ್ ಟ್ರ್ಯಾಕಿಗೆಂದು ಮಾಡಿದ ಪ್ಯಾಡ್ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ತನ್ನ ಬಲ ತೋರಿಸುತ್ತದೆ. 500 ಡಿಗ್ರಿಯಲ್ಲೂ ಸೋಲುವುದಿಲ್ಲ. ತಣ್ಣಗಿದ್ದಾಗ ಅದರ ಹಿಡಿತ ಸಾಧಾರಣ ಪ್ಯಾಡಿಗಿಂತ ಕಡಿಮೆ. ಈಗ ನಿಮ್ಮ ದಿನ ನೋಡಿ. ಡಿಸೆಂಬರ್ ತಿಂಗಳ ಬೆಳಗ್ಗೆ ಆರೂವರೆ, ಗದ್ದೆ ಬಯಲಿನ ಮೇಲೆ ಮಂಜು, ಮನೆಯಿಂದ ಹೊರಟು ಒಂದು ಕಿಲೋಮೀಟರೂ ಆಗಿಲ್ಲ, ಡಿಸ್ಕ್ ಇನ್ನೂ 20-30 ಡಿಗ್ರಿಯಲ್ಲಿದೆ. ಸರ್ವಿಸ್ ರಸ್ತೆಯಲ್ಲಿ ಹಿಂದೀಪವಿಲ್ಲದ ಕಬ್ಬಿನ ಟ್ರೇಲರ್ ಎದುರಾಗುವುದು ಆಗಲೇ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಟ್ರ್ಯಾಕ್ಟರ್, ಆಟೊ, ಬೈಕ್ ಬಿಡುತ್ತಿಲ್ಲ. ಆದ್ದರಿಂದ ಅವೆಲ್ಲ ಸರ್ವಿಸ್ ರಸ್ತೆಗೇ ಇಳಿದಿವೆ. ನಿಮಗೆ ಬೇಕಾದದ್ದು ಆ ಮೊದಲ ಒತ್ತಿಗೇ ಹಿಡಿಯುವ ಪ್ಯಾಡ್. ಊರೊಳಗಿನ ಓಡಾಟದಲ್ಲಿ ಡಿಸ್ಕ್ ಸಾಮಾನ್ಯವಾಗಿ 100ರಿಂದ 200 ಡಿಗ್ರಿಯೊಳಗೇ ಇರುತ್ತದೆ. ಅಂದರೆ ಟ್ರ್ಯಾಕ್ ಪ್ಯಾಡ್ ನಿಮ್ಮ ಕಾರಿನಲ್ಲಿ ತನ್ನ ಬಿಸಿಯನ್ನು ಮುಟ್ಟುವುದೇ ಇಲ್ಲ. ಮುಟ್ಟದೆ ಓಡಿದಷ್ಟು ದಿನವೂ ಡಿಸ್ಕನ್ನು ಕೆರೆದು ಸವೆಸುತ್ತದೆ, ಪ್ರತಿ ಸಿಗ್ನಲ್‌ನಲ್ಲೂ ಕೀರಲು ಸದ್ದು ಮಾಡುತ್ತದೆ.

ಅಂಗಡಿಯಲ್ಲಿ ನಿಮಗೆ ಮೂರು ಹೆಸರು ಕೇಳಿಸುತ್ತವೆ. ಆರ್ಗಾನಿಕ್ ಪ್ಯಾಡ್ ಮೃದು, ಸದ್ದಿಲ್ಲ, ತಣ್ಣಗಿದ್ದಾಗಲೂ ಹಿಡಿಯುತ್ತದೆ. ಬೇಗ ಸವೆಯುತ್ತದೆ, ಘಾಟಿಯ ಬಿಸಿಗೆ ಬೇಗ ಸೋಲುತ್ತದೆ. ಸೆಮಿ ಮೆಟಾಲಿಕ್ ಪ್ಯಾಡಿನ ತೂಕದಲ್ಲಿ ನೂರಕ್ಕೆ ಸುಮಾರು 30ರಿಂದ 65 ಭಾಗ ಕಬ್ಬಿಣದ ಎಳೆ, ಪುಡಿ ಮುಂತಾದ ಲೋಹ. ಬಿಸಿ ತಡೆಯುತ್ತದೆ, ಕಪ್ಪು ಧೂಳು ಹೆಚ್ಚು, ಸ್ವಲ್ಪ ಸದ್ದು ಇದ್ದೇ ಇರುತ್ತದೆ. ಸೆರಾಮಿಕ್ ಪ್ಯಾಡಿನಲ್ಲಿ ಧೂಳು ಕಡಿಮೆ, ಸದ್ದು ಕಡಿಮೆ, ಬಾಳಿಕೆ ಹೆಚ್ಚು, ಬೆಲೆಯೂ ಹೆಚ್ಚು. ನಿಮ್ಮಂಥ ಬಳಕೆಗೆ, ಅಂದರೆ ವಾರವಿಡೀ ಸಮತಟ್ಟು ರಸ್ತೆ, ತಿಂಗಳಿಗೊಂದು ಬೆಟ್ಟ, ಕಾರಿನೊಂದಿಗೆ ಬಂದ ಪ್ಯಾಡ್ ಯಾವ ಬಗೆಯದೋ ಅದೇ ಬಗೆಯದು ಸಾಕು. ಅದನ್ನು ಆರಿಸುವಾಗ ತಯಾರಕರು ಪೂರ್ತಿ ಭಾರ ಹೊತ್ತ ಕಾರನ್ನು ಇಳಿಜಾರಿನಲ್ಲೂ ಪರೀಕ್ಷಿಸಿರುತ್ತಾರೆ. ಹೆದ್ದಾರಿಯೇ ಹೆಚ್ಚು, ಚಕ್ರದ ಮೇಲಿನ ಕಪ್ಪು ಧೂಳು ಸಹಿಸಲಾಗದು ಎನ್ನುವವರು ಒಳ್ಳೆಯ ಹೆಸರಿನ ಸೆರಾಮಿಕ್ ಹಾಕಿಸಿಕೊಳ್ಳಬಹುದು, ತಪ್ಪಿಲ್ಲ.

ಪ್ಯಾಡಿನ ಅಂಚಿನಲ್ಲಿ ಅಥವಾ ಬೆನ್ನಿನ ತಗಡಿನ ಮೇಲೆ ಸಾಲು ಅಂಕಿ, ಅಕ್ಷರಗಳಿರುತ್ತವೆ. ಕೊನೆಯ ಎರಡು ಅಕ್ಷರ ಘರ್ಷಣೆಯ ದರ್ಜೆ: ಇ ಎಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಮೊದಲ ಅಕ್ಷರ ಸಾಮಾನ್ಯ ಬಿಸಿಯದು, ಎರಡನೆಯದು ಹೆಚ್ಚಿನ ಬಿಸಿಯದು. ಸಣ್ಣ ಕಾರಿಗೆ ಎಫ್‌ಎಫ್ ಸರಿಯಾದ ದರ್ಜೆ. ಎಫ್‌ಇ ಎಂದಿದ್ದರೆ ಬಿಸಿಯಾದಾಗ ಹಿಡಿತ ಇಳಿಯುತ್ತದೆ ಎಂದರ್ಥ. ಬೆಟ್ಟ ಇಳಿಯುವವರು ಅದನ್ನು ಬಿಡುವುದು ಒಳಿತು. ಜಿಜಿ ನೋಡಿ ಮನಸೋಲಬೇಡಿ. ಈ ಅಳತೆಯಲ್ಲಿ ‘ಸಾಮಾನ್ಯ ಬಿಸಿ’ ಎನ್ನುವುದೇ ಸುಮಾರು 90 ಡಿಗ್ರಿ ದಾಟಿದ ಮೇಲಿನದು. ಬೆಳಗಿನ ಮೊದಲ ಒತ್ತಿನ ಬಗ್ಗೆ ಆ ಅಕ್ಷರಗಳು ಏನೂ ಹೇಳುವುದಿಲ್ಲ, ಬಾಳಿಕೆಯ ಬಗ್ಗೆಯೂ ಹೇಳುವುದಿಲ್ಲ.

ಅಸಲಿ, ನಕಲಿಯ ವಿಷಯದಲ್ಲಿ ಮಾತ್ರ ಸ್ವಲ್ಪವೂ ಸಡಿಲ ಬಿಡಬೇಡಿ. ಕಾರು ಕಂಪನಿಯ ಬಿಡಿಭಾಗದ ಕೌಂಟರಿನಲ್ಲಿ ಕೊಳ್ಳಿ, ಇಲ್ಲವೇ ರಾಣೆ, ಬ್ರೇಕ್ಸ್ ಇಂಡಿಯಾ, ಬಾಷ್‌ನಂಥ ಹೆಸರಾಂತ ತಯಾರಕರ ಪ್ಯಾಡನ್ನು ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಪೆಟ್ಟಿಗೆ ತೆರೆದು ನಾಲ್ಕೂ ಪ್ಯಾಡ್ ನೋಡಿ. ಬೆನ್ನಿನ ತಗಡು ಚಪ್ಪಟೆಯಾಗಿರಬೇಕು, ಮಸಾಲೆ, ಅಂದರೆ ಡಿಸ್ಕಿಗೆ ತಿಕ್ಕುವ ಪದರ, ಅದಕ್ಕೆ ಬಿರುಕಿಲ್ಲದೆ ಅಂಟಿರಬೇಕು, ಬ್ಯಾಚ್ ಸಂಖ್ಯೆ ನಾಲ್ಕರಲ್ಲೂ ಓದಲು ಬರಬೇಕು. ನಕಲಿ ಪ್ಯಾಡಿನ ನಿಜವಾದ ಅಪಾಯ ಬೇಗ ಸವೆಯುವುದಲ್ಲ; ಬಿಸಿ ತಾಗಿದಾಗ ಮಸಾಲೆ ತಗಡಿನಿಂದ ಕಳಚಿ ಬೀಳಬಹುದು. ಆಮೇಲೆ ಡಿಸ್ಕಿನ ಮೇಲೆ ತಿಕ್ಕುವುದು ಬರೀ ಕಬ್ಬಿಣ.

ಇನ್ನು ದೊಡ್ಡ ಡಿಸ್ಕ್, ಹಿಂದಕ್ಕೂ ಡಿಸ್ಕ್ ಎಂಬ ಮಾತು. ಖಾಲಿ, ಒಣ, ನೇರ ರಸ್ತೆಯಲ್ಲಿ ಹಿಂದೆ ಯಾರೂ ಇಲ್ಲದಾಗ 40ರ ವೇಗದಿಂದ ಒಮ್ಮೆ ಪೂರ್ತಿ ಬಲದಿಂದ ಪೆಡಲ್ ಒತ್ತಿ ನೋಡಿ. ಕಾಲಿನಡಿ ಪೆಡಲ್ ಟಕಟಕ ಎಂದು ಮಿಡಿದರೆ ಎಬಿಎಸ್ ಕೆಲಸ ಮಾಡಿದೆ. ಚಕ್ರವನ್ನು ಕಚ್ಚಿ ಹಿಡಿದು ಜಾರಿಸುವಷ್ಟು ಬಲ ನಿಮ್ಮ ಬ್ರೇಕಿನಲ್ಲಿ ಈಗಾಗಲೇ ಇದೆ ಎಂದಾಯಿತು. ಅದಕ್ಕಿಂತ ಹೆಚ್ಚು ಬಲ ಕೊಟ್ಟರೂ ಎಬಿಎಸ್ ಅದನ್ನು ಬಿಡಿಸುತ್ತದೆ, ಏಕೆಂದರೆ ಟೈರಿನ ಹಿಡಿತ ಅಲ್ಲಿಗೇ ಮುಗಿಯುತ್ತದೆ. ಲೆಕ್ಕ ಹೀಗಿದೆ: ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ, ಒಣ ರಸ್ತೆಯಲ್ಲಿ, ಒಳ್ಳೆಯ ಟೈರಿನಲ್ಲಿ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದದ್ದು ಸುಮಾರು 50 ಮೀಟರ್. ಕಣ್ಣಿಗೆ ಕಂಡು ಕಾಲು ಪೆಡಲಿಗೆ ಬರುವ ಒಂದು ಸೆಕೆಂಡಿನಲ್ಲಿ ಇನ್ನೊಂದು 28 ಮೀಟರ್ ಕಳೆದಿರುತ್ತದೆ. ನೀರು ನಿಂತ ರಸ್ತೆಯಲ್ಲಿ, ಸವೆದ ಟೈರಿನಲ್ಲಿ ಅದೇ 50 ಮೀಟರ್ 80 ಆಗುತ್ತದೆ, ಇನ್ನೂ ಹೆಚ್ಚೂ ಆಗಬಹುದು. ಯಾವ ಪ್ಯಾಡೂ ಈ 30 ಮೀಟರನ್ನು ವಾಪಸು ತಂದುಕೊಡುವುದಿಲ್ಲ. ಕಾನೂನಿನ ಪ್ರಕಾರ ಕಾರಿನ ಟೈರಿನ ಗೀರು 1.6 ಮಿಲಿಮೀಟರ್ ಉಳಿದಿದ್ದರೆ ಸಾಕು. ಮಳೆಗಾಲದಲ್ಲಿ ಹೆದ್ದಾರಿ ಹಿಡಿಯುವವರು 3 ಮಿಲಿಮೀಟರಿಗೇ ಬದಲಿಸುವುದು ಲೇಸು. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಯನ್ನೂ ಓದಿ. 1416 ಎಂದಿದ್ದರೆ ಅದು 2016ರ ಹದಿನಾಲ್ಕನೇ ವಾರದ್ದು. ಕಾರಿನೊಂದಿಗೆ ಬಂದ ಟೈರೇ ಇನ್ನೂ ಇದ್ದರೆ ಗೀರು ಎಷ್ಟೇ ಉಳಿದಿರಲಿ, ರಬ್ಬರು ಗಟ್ಟಿಯಾಗಿದೆ. ಪ್ಯಾಡಿಗಿಂತ ಮೊದಲು ಅದನ್ನೇ ಬದಲಿಸಿ.

ಹಿಂದಕ್ಕೆ ಡಿಸ್ಕ್ ಹಾಕಿಸುವುದು ಕೇಳಲು ಸುಲಭ. ಬ್ರೇಕ್ ಹಿಡಿದಾಗ ಕಾರಿನ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ನಿಲ್ಲಿಸುವ ಕೆಲಸದ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚನ್ನು ಮುಂದಿನ ಚಕ್ರಗಳೇ ಮಾಡುತ್ತವೆ. ಹಗುರಾದ ಹಿಂಭಾಗಕ್ಕೆ ಹೆಚ್ಚು ಬಲ ಹೋದರೆ ಹಿಂದಿನ ಚಕ್ರ ಮೊದಲು ಜಾರಿ, ಕಾರು ಅಡ್ಡ ತಿರುಗುತ್ತದೆ. ಮುಂದೆ ಎಷ್ಟು, ಹಿಂದೆ ಎಷ್ಟು ಎಂಬ ಹಂಚಿಕೆ, ಮಾಸ್ಟರ್ ಸಿಲಿಂಡರ್ ಎಷ್ಟು ಆಯಿಲ್ ನೂಕಬೇಕು, ಹ್ಯಾಂಡ್‌ಬ್ರೇಕ್ ಹೇಗೆ ಎಳೆಯಬೇಕು ಎಂಬುದೆಲ್ಲ ಡ್ರಮ್ಮಿಗೆ ಹೊಂದಿಸಿ ಮಾಡಿದ್ದು. ಒಂದನ್ನು ಕದಲಿಸಿದರೆ ಎಲ್ಲವೂ ಕದಲುತ್ತದೆ. ಜೊತೆಗೆ ತಯಾರಕರ ವಿನ್ಯಾಸವನ್ನು ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ನಿರ್ಬಂಧವೂ ಇದೆ, ಅಪಘಾತವಾದರೆ ವಿಮೆಯವರು ಅದನ್ನೇ ಹಿಡಿದು ಕೇಳಬಹುದು. ತೂತಿರುವ ಡಿಸ್ಕ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ತೂತಿನಷ್ಟು ಕಬ್ಬಿಣ ಕಡಿಮೆ, ಆದ್ದರಿಂದ ಬಿಸಿ ಹೀರುವ ಶಕ್ತಿಯೂ ಕಡಿಮೆ, ಬಿರುಕು ಶುರುವಾಗುವುದು ತೂತಿನ ಅಂಚಿನಲ್ಲೇ, ನಮ್ಮ ಕಡೆಯ ಕೆಸರು ಒಣಗಿ ತೂತುಗಳನ್ನು ಮುಚ್ಚಿಬಿಡುತ್ತದೆ.

ಈಗ ಸ್ಟೇರಿಂಗ್ ಅದುರುವ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಪ್ಯಾಡ್ ಮಾತ್ರ ಬದಲಿಸಿ ಇದನ್ನು ಹಾಗೇ ಬಿಟ್ಟರೆ ಹೊಸ ಪ್ಯಾಡೂ ಬೇಗ ಹಾಳಾಗುತ್ತದೆ. ‘ಡಿಸ್ಕ್ ಬೆಂಡ್ ಆಗಿದೆ’ ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ಎರಕದ ಡಿಸ್ಕ್ ಸುಮ್ಮನೆ ಬಾಗುವುದು ಅಪರೂಪ. ಹೆಚ್ಚಾಗಿ ಆಗಿರುವುದು ದಪ್ಪದ ಏರುಪೇರು: ಡಿಸ್ಕಿನ ಒಂದು ಕಡೆ ಕೂದಲೆಳೆಯಷ್ಟೂ ಅಲ್ಲದ ವ್ಯತ್ಯಾಸ, 0.02 ಮಿಲಿಮೀಟರ್, ಬಂದರೂ ಕೈಗೆ ಗೊತ್ತಾಗುತ್ತದೆ. ಇದು ಬರಲು ಮೂರು ದಾರಿ. ಡಿಸ್ಕ್ ಕೂರುವ ಹಬ್ಬಿನ ಮೇಲೆ ತುಕ್ಕು ಕಟ್ಟಿ ಡಿಸ್ಕ್ ಓರೆಯಾಗಿ ಕುಳಿತು, ಪ್ರತಿ ಸುತ್ತಿಗೂ ಪ್ಯಾಡಿಗೆ ಒಂದೇ ಜಾಗದಲ್ಲಿ ತಾಗುತ್ತಾ ಹೋಗುವುದು ಒಂದು. ಪಂಕ್ಚರ್ ಅಂಗಡಿಯಲ್ಲಿ ಏರ್ ಗನ್ ಹಿಡಿದು ಚಕ್ರದ ನಟ್ಟುಗಳನ್ನು ಒಂದೊಂದು ಬಿಗಿಗೆ ತಿರುಗಿಸುವುದು ಇನ್ನೊಂದು. ವೇಗದಿಂದ ಬಂದು ಜೋರಾಗಿ ಬ್ರೇಕ್ ಹಿಡಿದು, ಬಿಸಿ ಡಿಸ್ಕಿನ ಮೇಲೆ ಪೆಡಲ್ ಒತ್ತಿಕೊಂಡೇ ನಿಲ್ಲುವುದು ಮೂರನೆಯದು. ಆಗ ಪ್ಯಾಡಿನ ಮಸಾಲೆ ಡಿಸ್ಕಿನ ಆ ಜಾಗಕ್ಕೆ ಅಂಟುತ್ತದೆ.

ಸ್ಟೇರಿಂಗ್ ಅದುರಿದರೆ ತಪ್ಪು ಮುಂದಿನ ಡಿಸ್ಕಿನಲ್ಲಿದೆ. ಸೀಟು ಅದುರಿ ಸ್ಟೇರಿಂಗ್ ಸುಮ್ಮನಿದ್ದರೆ ಹಿಂದಿನ ಡ್ರಮ್ ಅಂಡಾಕಾರವಾಗಿದೆ. ಬ್ರೇಕ್ ಹಿಡಿಯದಾಗಲೂ ಅದುರಿದರೆ ಅದು ಬ್ರೇಕಿನದ್ದೇ ಅಲ್ಲ, ಚಕ್ರದ ಬ್ಯಾಲೆನ್ಸಿಂಗ್ ನೋಡಿಸಿ. ನಿಮ್ಮದು ಮೊದಲನೆಯದು. ಮೆಕ್ಯಾನಿಕ್ ಡಿಸ್ಕ್ ಬಿಚ್ಚಿ ಹಬ್ಬನ್ನೂ ಡಿಸ್ಕಿನ ಒಳಮೈಯನ್ನೂ ತಂತಿ ಬ್ರಷ್ಷಿನಿಂದ ಹೊಳೆಯುವವರೆಗೆ ಉಜ್ಜಲಿ. ಮತ್ತೆ ಕೂರಿಸಿ, ನಟ್ ಬಿಗಿಮಾಡಿ, ಸಣ್ಣ ಓಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜಿನ ಮೂತಿಯನ್ನು ಡಿಸ್ಕಿನ ಹೊರ ಅಂಚಿನಿಂದ ಸುಮಾರು 10 ಮಿಲಿಮೀಟರ್ ಒಳಗೆ ಇಟ್ಟು ಕೈಯಿಂದ ಒಂದು ಸುತ್ತು ತಿರುಗಿಸಲಿ. ಮುಳ್ಳು 0.05 ಮಿಲಿಮೀಟರಿನೊಳಗೆ ಆಡಿದರೆ ಒಳ್ಳೆಯದು, 0.10 ದಾಟಿದರೆ ಡಿಸ್ಕನ್ನು ಒಂದೊಂದು ಬೋಲ್ಟ್ ತೂತು ಸರಿಸಿ ಕೂರಿಸಿ ಮತ್ತೆ ಅಳೆಯಬೇಕು. ಎಷ್ಟೋ ಸಲ ತುಕ್ಕು ತೆಗೆದು ತಿರುಗಿಸಿ ಕೂರಿಸುವುದರಲ್ಲೇ ಅದುರುವುದು ಅರ್ಧ ಕಡಿಮೆಯಾಗುತ್ತದೆ.

ಆಮೇಲೆ ಮೈಕ್ರೋಮೀಟರಿನಿಂದ ಸುತ್ತಲೂ ಆರೆಂಟು ಕಡೆ ದಪ್ಪ ಅಳೆಯಬೇಕು. ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪವನ್ನು ಒತ್ತಿರುತ್ತಾರೆ. ಹೊಸತಿನಲ್ಲಿ 20 ಮಿಲಿಮೀಟರ್ ಇದ್ದದ್ದಕ್ಕೆ ಕನಿಷ್ಠ 18 ಎಂಬಂತೆ. ಲೇತಿಗೆ ಹಾಕಿ ಮೈ ಸಮ ಮಾಡಿಸಿದ ಮೇಲೂ ಕನಿಷ್ಠಕ್ಕಿಂತ ಅರ್ಧ ಮಿಲಿಮೀಟರಾದರೂ ಮೇಲೆ ಉಳಿಯುವಂತಿದ್ದರೆ ಮಾಡಿಸಿ, ಇಲ್ಲದಿದ್ದರೆ ಹೊಸದು. ಒಂದು ಕಡೆಯದು ಮಾತ್ರ ಬದಲಿಸಬೇಡಿ, ಕಾರು ಪಕ್ಕಕ್ಕೆ ಎಳೆಯುತ್ತದೆ. ಹೊಸ ಡಿಸ್ಕಿನ ಮೇಲೆ ತುಕ್ಕು ಹಿಡಿಯದಂತೆ ಬಳಿದ ಎಣ್ಣೆ ಇರುತ್ತದೆ. ಬ್ರೇಕ್ ಕ್ಲೀನರ್ ಇಲ್ಲವೇ ಸೋಪಿನ ನೀರಿನಲ್ಲಿ ತೊಳೆದು ಒರೆಸದಿದ್ದರೆ ಆ ಎಣ್ಣೆಯನ್ನು ಹೊಸ ಪ್ಯಾಡ್ ಕುಡಿಯುತ್ತದೆ.

ಪ್ಯಾಡ್ ಹಾಕುವ ಕೆಲಸ ಅರ್ಧ ಗಂಟೆಯದು ಎಂದು ಅವಸರ ಮಾಡುವ ಕಡೆ ಬಿಡಬೇಡಿ, ಹತ್ತಿರ ನಿಂತು ನೋಡಿ. ಹಳೆಯ ಪ್ಯಾಡುಗಳನ್ನು ಸಾಲಾಗಿ ಇಟ್ಟು ಹೋಲಿಸಿದರೆ ಕಾರಿನ ಕಾಯಿಲೆ ಅಲ್ಲೇ ಕಾಣುತ್ತದೆ. ಒಂದೇ ಚಕ್ರದ ಒಳಗಿನ ಪ್ಯಾಡ್ 2 ಮಿಲಿಮೀಟರ್, ಹೊರಗಿನದು 6 ಇದ್ದರೆ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನಲ್ಲಿ ಅವನ್ನು ಒತ್ತುವ ಪಿಸ್ಟನ್ ಅಥವಾ ಕ್ಯಾಲಿಪರ್ ಜಾರುವ ಪಿನ್ ಸಿಕ್ಕಿಕೊಂಡಿದೆ. ಒಂದೇ ಪ್ಯಾಡ್ ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳ್ಳಗೆ ಸವೆದಿದ್ದರೆ ಎರಡು ಪಿನ್ನಿನಲ್ಲಿ ಒಂದು ಕದಲುತ್ತಿಲ್ಲ. ಎಂಟು ವರ್ಷ ದಾಟಿದ ಕಾರಿನಲ್ಲಿ ಇದು ಮಾಮೂಲು. ಪಿನ್ ಎಳೆದು ಹಳೆಯ ಗ್ರೀಸ್ ಪೂರ್ತಿ ಒರೆಸಿ, ಬ್ರೇಕಿಗೆಂದೇ ಮಾಡಿದ ಸಿಲಿಕಾನ್ ಗ್ರೀಸ್ ತೆಳ್ಳಗೆ ಹಚ್ಚಬೇಕು. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಹಚ್ಚಿದರೆ ರಬ್ಬರ್ ತೊಡುಗೆ ಉಬ್ಬಿ ಪಿನ್ ಮತ್ತೆ ಸಿಕ್ಕಿಕೊಳ್ಳುತ್ತದೆ. ಪಿನ್ ಬೆರಳಲ್ಲಿ ನೂಕಿದರೆ ಜಾರಬೇಕು. ತೊಡುಗೆ ಹರಿದಿದ್ದರೆ ಬದಲಿಸಿ, ಸಣ್ಣ ಖರ್ಚು.

ಪಿಸ್ಟನ್ನನ್ನು ಒಳಕ್ಕೆ ತಳ್ಳುವ ಮುಂಚೆ ಬ್ರೇಕ್ ಆಯಿಲ್ ಡಬ್ಬಿಯಿಂದ ಸ್ವಲ್ಪ ಹೀರಿ ತೆಗೆಯಬೇಕು, ಇಲ್ಲದಿದ್ದರೆ ತುಂಬಿ ಚೆಲ್ಲುತ್ತದೆ. ಚೆಲ್ಲಿದ ಕಡೆ ಬಣ್ಣ ಸುಲಿಯುತ್ತದೆ, ಕೂಡಲೇ ನೀರು ಹಾಕಿ. ಎಬಿಎಸ್ ಇರುವ ಕಾರಿನಲ್ಲಿ ಏರ್ ತೆಗೆಯುವ ನಿಪ್ಪಲ್ ಸಡಿಲಿಸಿ, ಅದಕ್ಕೆ ಪೈಪ್ ಸಿಕ್ಕಿಸಿ, ಆ ಕೊಳೆ ಆಯಿಲ್ ಹೊರಗೆ ಹೋಗುವಂತೆ ಪಿಸ್ಟನ್ ತಳ್ಳುವುದು ಜಾಣತನ. ಇಲ್ಲದಿದ್ದರೆ ಕೆಸರು ವಾಪಸು ಎಬಿಎಸ್ ಘಟಕಕ್ಕೆ ಹೋಗುತ್ತದೆ. ಬಿಚ್ಚಿದ ಕ್ಯಾಲಿಪರನ್ನು ರಬ್ಬರ್ ಹೋಸಿನಲ್ಲಿ ನೇತುಬಿಡಬಾರದು, ತಂತಿಯಲ್ಲಿ ಕಟ್ಟಬೇಕು. ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದುವುದನ್ನು ಕಂಡರೆ ತಡೆಯಿರಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಈಗಿನ ಧೂಳೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಬಟ್ಟೆ ಸಾಕು. ಚಕ್ರ ಹಾಕುವಾಗ ನಟ್ಟುಗಳನ್ನು ಎದುರು ಬದುರು ಬಿಗಿದು, ಕೊನೆಗೆ ಟಾರ್ಕ್ ರೆಂಚಿನಿಂದ ಕೈಪಿಡಿ ಹೇಳಿದಷ್ಟು ಬಿಗಿಯಬೇಕು; ಸಣ್ಣ ಕಾರುಗಳಲ್ಲಿ ಅದು ಹೆಚ್ಚಾಗಿ 100 ನ್ಯೂಟನ್ ಮೀಟರಿನ ಆಸುಪಾಸು. ಎಲ್ಲ ಮುಗಿದ ಮೇಲೆ ಕಾರು ಕದಲಿಸುವ ಮುಂಚೆ ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕಾರು ಸಲ ಒತ್ತಲೇಬೇಕು. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಒತ್ತು ನೆಲ ಮುಟ್ಟುತ್ತದೆ. ಇದನ್ನು ಮರೆತು ರಿವರ್ಸ್ ತೆಗೆದು ಗೋಡೆಗೆ ಗುದ್ದಿದ ಕಾರುಗಳು ಎಲ್ಲ ಗ್ಯಾರೇಜಿನಲ್ಲೂ ಸಿಗುತ್ತವೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಡಬ್ಬಿ ಮುಚ್ಚಿದ್ದರೂ ಹೋಸಿನ ರಬ್ಬರಿನ ಮೂಲಕ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಾಗಿದ್ದಾಗ ಕುದಿಯುವುದು ಕನಿಷ್ಠ 230 ಡಿಗ್ರಿಗೆ; ಶೇ 3.7ರಷ್ಟು ನೀರು ಸೇರಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಡಾಟ್ 3ರಲ್ಲಿ ಈ ಅಂಕಿಗಳು 205 ಮತ್ತು 140. ನಿಮ್ಮ ಡಬ್ಬಿಯ ಮುಚ್ಚಳದ ಮೇಲೆ ಏನು ಬರೆದಿದೆಯೋ ಅದೇ ಹಾಕಿ. ಡಾಟ್ 3 ಎಂದಿದ್ದರೆ ಡಾಟ್ 4 ಹಾಕಬಹುದು. ಸಿಲಿಕಾನಿನ ಡಾಟ್ 5 ಮಾತ್ರ ಎಂದಿಗೂ ಬೇಡ, ಡಾಟ್ 5.1 ಎಂಬುದು ಬೇರೆ, ಹೆಸರು ನೋಡಿ ಮೋಸಹೋಗಬೇಡಿ. ಎರಡು ವರ್ಷಕ್ಕೊಮ್ಮೆ ನಾಲ್ಕೂ ಚಕ್ರದಿಂದ ಹಳೆಯದು ಹೊರಬಂದು ಹೊಸದರ ಬಣ್ಣ ಕಾಣುವವರೆಗೆ ಬದಲಿಸಬೇಕು. ಮುಕ್ಕಾಲರಿಂದ ಒಂದು ಲೀಟರ್ ಹಿಡಿಯುತ್ತದೆ. ಡಬ್ಬಿಯಲ್ಲಿ ಕಡಿಮೆಯಾದಷ್ಟು ಮೇಲಿಂದ ಸುರಿಯುವುದು ಬದಲಿಸಿದಂತಲ್ಲ. ಅಂಗಡಿಯಲ್ಲಿ ಮುಚ್ಚಳ ತೆರೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿಯದೂ ಬೇಡ.

ಇದನ್ನು ಇಷ್ಟು ಒತ್ತಿ ಹೇಳುವುದು ನಿಮ್ಮ ಮಾದಪ್ಪನ ಬೆಟ್ಟದ ಪ್ರಯಾಣಕ್ಕಾಗಿ. ಬೆಟ್ಟ ಇಳಿಯುವುದು ಬ್ರೇಕಿಗೆ ಎಂಥ ಕೆಲಸ ಎಂಬುದಕ್ಕೆ ಹತ್ತಿರದ ಚಾಮುಂಡಿ ಬೆಟ್ಟದ ಲೆಕ್ಕ ಹಾಕೋಣ. ಐವರು ಕುಳಿತ ಸಣ್ಣ ಕಾರು 1300 ಕಿಲೋ. 80ರ ವೇಗದಿಂದ ಒಮ್ಮೆ ನಿಲ್ಲಿಸಿದರೆ ಬ್ರೇಕಿಗೆ ಬರುವ ಶಾಖ ಸುಮಾರು 320 ಕಿಲೋಜೂಲ್. ಅದರಲ್ಲಿ ಮುಂದಿನ ಪಾಲನ್ನು ತಲಾ 5 ಕಿಲೋ ತೂಗುವ ಎರಡು ಡಿಸ್ಕ್ ಹೀರಿದರೆ ಅವು ಹತ್ತಿರ ಹತ್ತಿರ 50 ಡಿಗ್ರಿ ಏರುತ್ತವೆ. ಬೆಟ್ಟದ ಮೇಲಿಂದ 250 ಮೀಟರ್ ಎತ್ತರ ಇಳಿಯುತ್ತೀರಿ ಎಂದಿಟ್ಟುಕೊಳ್ಳಿ. ಅಷ್ಟು ಇಳಿಯುವಾಗ ಕಳೆಯಬೇಕಾದ ಶಕ್ತಿ ಸುಮಾರು 3200 ಕಿಲೋಜೂಲ್. ಎಂಬತ್ತರಿಂದ ಹತ್ತು ಸಲ ಬೆನ್ನುಬೆನ್ನಿಗೆ ನಿಲ್ಲಿಸಿದಂತೆ. ಎಲ್ಲವನ್ನೂ ಬ್ರೇಕಿಗೇ ಹೊರಿಸಿ, ಆರಲು ಬಿಡದಿದ್ದರೆ ಡಿಸ್ಕ್ 500 ಡಿಗ್ರಿಯತ್ತ ಹೋಗುತ್ತದೆ. ಗಾಳಿ ತಂಪು ಮಾಡುತ್ತದೆ ನಿಜ. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದಕ್ಕೆ ಅವಕಾಶವೇ ಇಲ್ಲ.

ಆದ್ದರಿಂದ ಇಳಿಯುವ ಭಾರವನ್ನು ಎಂಜಿನ್ ಹೊರಬೇಕು. ಮಾದಪ್ಪನ ಬೆಟ್ಟದ ಬುಡದಲ್ಲಿರುವ ತಾಳುಬೆಟ್ಟದಿಂದ ಹತ್ತುವಾಗ ಯಾವ ಗೇರ್ ಬೇಕಾಯಿತೋ ಇಳಿಯುವಾಗಲೂ ಅದೇ: ನೇರದಲ್ಲಿ ಎರಡು, ಕಡಿದಾದ ತಿರುವಿಗೆ ಮೊದಲೇ ಒಂದು. ವೇಗ 40 ಮುಟ್ಟಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ 25ಕ್ಕೆ ತಂದು, ಕಾಲನ್ನು ಪೂರ್ತಿ ತೆಗೆಯಿರಿ. ಒತ್ತಿ ಬಿಡುವ ನಡುವೆಯೇ ಡಿಸ್ಕ್ ಆರುತ್ತದೆ. ಮೆಲ್ಲಗೆ ಸದಾ ಒತ್ತಿರುವುದೇ ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿ ಇಳಿಯುವವರಿದ್ದಾರೆ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಈಗಿನ ಎಂಜಿನ್ ಪೆಟ್ರೋಲನ್ನು ತಾನೇ ನಿಲ್ಲಿಸುತ್ತದೆ, ನ್ಯೂಟ್ರಲಿನಲ್ಲೇ ಕುಡಿಯುತ್ತಿರುತ್ತದೆ. ಎಂಜಿನ್ ಆರಿಸಿ ಇಳಿಯುವುದಂತೂ ಜೀವಕ್ಕೇ ಅಪಾಯ. ಪೆಡಲನ್ನು ಹಗುರ ಮಾಡುವ ಬೂಸ್ಟರಿಗೆ ಎಂಜಿನ್ನೇ ಆಧಾರ; ಆರಿಸಿದ ಮೇಲೆ ಎರಡು ಮೂರು ಒತ್ತಿಗೆ ಪೆಡಲ್ ಕಲ್ಲಾಗುತ್ತದೆ. ಆ ರಸ್ತೆಯ ಬದಿಯಲ್ಲೇ ಬರಿಗಾಲಿನಲ್ಲಿ ಪಾದಯಾತ್ರೆಯ ಭಕ್ತರು ನಡೆಯುತ್ತಿರುತ್ತಾರೆ ಎಂಬುದೂ ನೆನಪಿರಲಿ.

ಬ್ರೇಕ್ ಸೋಲುವ ಬಗೆ ಎರಡು, ಕಾಲಿಗೆ ಬೇರೆ ಬೇರೆಯಾಗಿ ತಿಳಿಯುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದೆ, ಸುಟ್ಟ ವಾಸನೆ ಬರುತ್ತಿದೆ, ಎಷ್ಟು ಒತ್ತಿದರೂ ವೇಗ ಇಳಿಯುತ್ತಿಲ್ಲ ಎಂದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ. ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗುತ್ತಿದೆ ಎಂದರೆ ಆಯಿಲ್ ಕುದ್ದು ಗುಳ್ಳೆ ಬಂದಿದೆ. ಮೊದಲನೆಯದಕ್ಕೆ ಗೇರ್ ಇಳಿಸಿ, ಕಾರು ನಿಲ್ಲಿಸಿ, ಬ್ರೇಕ್ ತಣ್ಣಗಾಗಲು ಬಿಡಿ. ಎರಡನೆಯದಕ್ಕೆ ಪೆಡಲನ್ನು ಬೇಗ ಬೇಗ ಒತ್ತಿ ಒತ್ತಿ ಬಲ ತಂದುಕೊಂಡು, ಒಂದೊಂದೇ ಗೇರ್ ಇಳಿಸುತ್ತಾ, ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿಹಿಡಿದು ಸ್ವಲ್ಪ ಸ್ವಲ್ಪವೇ ಎಳೆಯಿರಿ. ಒಮ್ಮೆಗೇ ಎಳೆದರೆ ಹಿಂದಿನ ಚಕ್ರ ಜಾರುತ್ತದೆ. ಗುಡ್ಡದ ಬದಿಗೆ ನಿಲ್ಲಿಸಿ, ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಬಿಡಿ. ನೀರು ಸುರಿಯಬೇಡಿ, ಕಾದ ಎರಕ ಬಿರುಕು ಬಿಡುತ್ತದೆ. ಊರಿಗೆ ಬಂದ ಕೂಡಲೇ ನಾಲೆ ಬದಿಯಲ್ಲಿ ಚಕ್ರಕ್ಕೆ ನೀರೆರಚಿ ತೊಳೆಯುವುದೂ ಇದೇ ತಪ್ಪು. ಆಯಿಲ್ ಒಮ್ಮೆ ಕುದ್ದಿದ್ದರೆ, ಆರಿದ ಮೇಲೆ ಪೆಡಲ್ ಸರಿಯಾದಂತೆ ಕಂಡರೂ, ಬದಲಿಸದೆ ಇನ್ನೊಂದು ಬೆಟ್ಟಕ್ಕೆ ಹೋಗಬೇಡಿ.

ಹೊಸ ಪ್ಯಾಡ್ ಹಾಕಿದ ವಾರವೇ ಬೆಟ್ಟಕ್ಕೆ ಹೊರಡುವುದೂ ಬೇಡ. ಮೊದಲು ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು. ಬೆಳಗ್ಗೆ ವಾಹನ ಕಡಿಮೆ ಇರುವ ನೇರ ರಸ್ತೆಯಲ್ಲಿ 60ರಿಂದ 20ಕ್ಕೆ ಮಧ್ಯಮ ಬಲದಲ್ಲಿ ಎಂಟು ಹತ್ತು ಸಲ ಇಳಿಸಿ, ಪ್ರತಿ ಸಲದ ನಡುವೆ ಅರ್ಧ ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ. ಪೂರ್ತಿ ನಿಲ್ಲಿಸಬೇಡಿ. ಕೊನೆಗೆ ಐದಾರು ಕಿಲೋಮೀಟರ್ ಹಗುರವಾಗಿ ಓಡಿಸಿ ಬ್ರೇಕ್ ತಣ್ಣಗಾಗಲು ಬಿಡಿ. ಮುಂದಿನ 300 ಕಿಲೋಮೀಟರ್ ಅನಿವಾರ್ಯವಲ್ಲದೆ ಜೋರಾಗಿ ಬ್ರೇಕ್ ಹಿಡಿಯದಿದ್ದರೆ ಆಯಿತು.

ರಸ್ತೆಯ ಮೇಲೆ ರಾಗಿ, ಹುರುಳಿ ಹರಡಿ ಒಕ್ಕುವ ದಿನಗಳಲ್ಲಿ ಬ್ರೇಕಿನ ಭರವಸೆ ಇಟ್ಟುಕೊಳ್ಳಬೇಡಿ. ಹುಲ್ಲಿನ ಮೇಲೆ ಟೈರಿಗೆ ಹಿಡಿತವೇ ಇರದು, ಸಡಿಲ ನೆಲದಲ್ಲಿ ಎಬಿಎಸ್ ಇದ್ದರೆ ನಿಲ್ಲುವ ದೂರ ಹೆಚ್ಚೇ ಆಗುತ್ತದೆ. ಹುಲ್ಲಿಗೆ ಬರುವ ಮುಂಚೆಯೇ ವೇಗ ಇಳಿಸಿ, ದಾಟಿದ ಮೇಲೆ ಕಾರಿನಡಿ ಸುತ್ತಿಕೊಂಡ ಹುಲ್ಲು ಎಳೆದುಹಾಕಿ, ಬಿಸಿ ಸೈಲೆನ್ಸರ್ ಪೈಪಿಗೆ ತಾಗಿ ಹೊತ್ತಿಕೊಳ್ಳುತ್ತದೆ.

ಕೊನೆಯದಾಗಿ ನಿಮ್ಮ ಹಿಂದಿನ ಡ್ರಮ್. 72 ಸಾವಿರಕ್ಕೆ ಇನ್ನೂ ಬಿಚ್ಚಿಯೇ ಇಲ್ಲದಿದ್ದರೆ ಒಳಗೆ ಬಟ್ಟಲು ತುಂಬ ಧೂಳು ಇರುತ್ತದೆ. ಡ್ರಮ್ಮಿನ ಒಳಮೈಗೆ ಒತ್ತುವ ಶೂಗಳ ಲೈನರ್ ಒಂದೂವರೆ ಮಿಲಿಮೀಟರಿಗೆ ಬಂದಿದ್ದರೆ ಎರಡೂ ಚಕ್ರಕ್ಕೆ ಬದಲಿಸಿ. ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ತೊಡುಗೆಯ ಅಂಚನ್ನು ಎತ್ತಿ ನೋಡಿ. ಒಳಗೆ ಆಯಿಲ್ ಒಸರಿದ್ದರೆ ಸಿಲಿಂಡರ್ ಹೊಸದು, ಆಯಿಲ್ ಕುಡಿದ ಲೈನರ್ ತೊಳೆದು ಹಾಕುವಂತಿಲ್ಲ. ತಾನಾಗಿ ಹೊಂದಿಕೊಳ್ಳುವ ಅಡ್ಜಸ್ಟರಿನ ಹಲ್ಲು ತುಕ್ಕು ಹಿಡಿದು ನಿಂತಿದ್ದರೆ ಶೂ ಡ್ರಮ್ಮಿನಿಂದ ದೂರ ಉಳಿದು ಪೆಡಲ್ ತಗ್ಗುತ್ತದೆ. ಎಷ್ಟೋ ಕಾರುಗಳಲ್ಲಿ ‘ಬ್ರೇಕ್ ಹಿಡಿಯಲ್ಲ’ ಎಂಬ ದೂರಿನ ಮೂಲ ಇದೊಂದೇ. ಮೊದಲು ಅಡ್ಜಸ್ಟರನ್ನು ಸರಿಮಾಡಿ, ಚಕ್ರ ಕೈಯಲ್ಲಿ ತಿರುಗಿಸಿದರೆ ಶೂ ಹಗುರಾಗಿ ಸವರುವಂತೆ ಹೊಂದಿಸಿ, ಆಮೇಲೆ ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಬೇಕು. ಅಡ್ಜಸ್ಟರ್ ಬಿಟ್ಟು ಕೇಬಲನ್ನೇ ಬಿಗಿದರೆ ಶೂ ಸದಾ ಉಜ್ಜುತ್ತಿರುತ್ತದೆ. ಹ್ಯಾಂಡ್‌ಬ್ರೇಕ್ ಐದರಿಂದ ಏಳು ಟಿಕ್ಕಿಗೆ ಹಿಡಿಯಬೇಕು. ಮಳೆಯಲ್ಲಿ ನೆನೆದು ಬಂದ ರಾತ್ರಿ, ಸಮತಟ್ಟು ನೆಲವಾದರೆ, ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ. ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಳ್ಳುವುದು ತಪ್ಪುತ್ತದೆ. ಮರುದಿನ ಮೊದಲ ಒಂದೆರಡು ಒತ್ತಿಗೆ ಮುಂದಿನಿಂದ ಕರಕರ ಸದ್ದು ಬಂದರೆ ಅದು ಡಿಸ್ಕಿನ ಮೇಲೆ ರಾತ್ರಿ ಕಟ್ಟಿದ ತುಕ್ಕು ಅಷ್ಟೇ, ಗಾಬರಿ ಬೇಡ. ಬೀದಿ ದಾಟುವುದರೊಳಗೆ ಅದು ನಿಲ್ಲದಿದ್ದರೆ ಮಾತ್ರ ಚಕ್ರ ಬಿಚ್ಚಿಸಿ ಪ್ಯಾಡ್ ನೋಡಿಸಿ.